ಎರಡು ಊರುಗಳಲ್ಲಿ ಬೀಳದ ಚೀಟಿ

2006ರ ಸುಮಾರಿಗೆ ಅಮೆರಿಕದ ಮನೆ, ಕಚೇರಿಗಳ ಕಂಪ್ಯೂಟರುಗಳೊಳಗೆ ಸದ್ದಿಲ್ಲದೆ ಒಂದು ಕೈಚಳಕ ನಡೆಯುತ್ತಿತ್ತು. ಯಾರೋ ಒಬ್ಬಾಕೆ ತನ್ನ ಪಾಡಿಗೆ ಬ್ಲಾಗೊಂದನ್ನು ಓದುತ್ತ ಕೂತಿರುತ್ತಿದ್ದಳು. ಆ ಪುಟದ ಮೂಲೆಯಲ್ಲಿ, ಓದಲು ಬಂದವರು ಯಾವ ಯಾವ ಊರಿನವರು ಎಂದು ತೋರಿಸುವ ಪುಟ್ಟ ನಕಾಶೆ ಇರುತ್ತಿತ್ತು. ಆಕೆ ಅದನ್ನು ಒತ್ತುತ್ತಿರಲಿಲ್ಲ, ಬಹುಶಃ ಗಮನಿಸುತ್ತಲೂ ಇರಲಿಲ್ಲ. ಆದರೂ ಆಕೆಯ ಯಂತ್ರದೊಳಗೆ ಒಂದು ಚೀಟಿ ಬಂದು ಬೀಳುತ್ತಿತ್ತು. ಅದರ ಅರ್ಥ ಇಷ್ಟೇ: ಈ ಗಿರಾಕಿಯನ್ನು ಇಬೇ ಅಂಗಡಿಗೆ ಕಳಿಸಿದವನು ನಾನು, ನನ್ನ ಕಮಿಷನ್ ನನಗೆ ಬರಲಿ.

ಆ ಚೀಟಿ ದೇಶದ ಉದ್ದಗಲಕ್ಕೂ ಬೀಳುತ್ತಿತ್ತು. ಕ್ಯಾಲಿಫೋರ್ನಿಯಾದ ಎರಡು ಊರುಗಳಲ್ಲಿ ಮಾತ್ರ ಬೀಳುತ್ತಿರಲಿಲ್ಲ. ಒಂದು ಸ್ಯಾನ್ ಹೊಸೆ, ಇನ್ನೊಂದು ಸಾಂಟಾ ಬಾರ್ಬರಾ. ಅಲ್ಲೇ ಯಾಕೆ ಬೀಳುತ್ತಿರಲಿಲ್ಲ ಎಂಬುದು ತಿಳಿಯಬೇಕಾದರೆ ಕತೆಯನ್ನು ಹೂವಿನಂಗಡಿಯಿಂದ ಶುರು ಮಾಡಬೇಕು.

ವೆಬ್ ಇನ್ನೂ ಜನರ ಕೈಗೆ ಬಂದಿರದ 1989ರಲ್ಲಿ ವಿಲಿಯಂ ಟೋಬಿನ್ ಎಂಬಾತ ‘ಪಿಸಿ ಫ್ಲವರ್ಸ್ ಆ್ಯಂಡ್ ಗಿಫ್ಟ್ಸ್’ ಎಂಬ ಅಂಗಡಿ ತೆರೆದ. ಅದಕ್ಕೆ ಬಾಗಿಲೂ ಇರಲಿಲ್ಲ, ಬೀದಿಯೂ ಇರಲಿಲ್ಲ. ಪ್ರಾಡಿಜಿ ಎಂಬ ಕಂಪ್ಯೂಟರ್ ಜಾಲಕ್ಕೆ ಚಂದಾ ಕಟ್ಟಿದವರು ಅದರ ಪರದೆಯ ಮೇಲೆ ಹೂಗುಚ್ಛ ಆರಿಸುತ್ತಿದ್ದರು, ಹೂವು ಬೇಕಾದವರ ಮನೆಗೆ ಹೋಗುತ್ತಿತ್ತು. ಜಾಲ ಹೊತ್ತು ತಂದ ಮಾರಾಟದ ಮೇಲೆ ಜಾಲಕ್ಕೂ ಒಂದು ಪಾಲು ಸಲ್ಲುತ್ತಿತ್ತು. ಮುಂದೆ ಅಂಗಡಿ ಇಂಟರ್ನೆಟ್ಟಿಗೆ ಬಂದಾಗ ಟೋಬಿನ್ ಅದೇ ಪಾಲಿನ ಆಸೆಯನ್ನು ಬೇರೆ ಬೇರೆ ತಾಣಗಳ ಮುಂದಿಟ್ಟ. 1996ರ ಜನವರಿಯಲ್ಲಿ ಈ ಉಪಾಯಕ್ಕೆ ಪೇಟೆಂಟ್ ಕೇಳಿ ಅರ್ಜಿಯನ್ನೂ ಹಾಕಿದ. ಪೇಟೆಂಟ್ ಕೈಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಊರೆಲ್ಲ ಅದೇ ವ್ಯಾಪಾರ ಹೂಡಿಯಾಗಿತ್ತು.

ಹಾಗೆ ಹೂಡಿದವರಲ್ಲಿ ಮೊದಲಿಗರು ಜೇಸನ್ ಮತ್ತು ಮ್ಯಾಥ್ಯೂ ಓಲಿಮ್ ಎಂಬ ಅವಳಿ ಸಹೋದರರು. ಪೆನ್ಸಿಲ್ವೇನಿಯಾದಲ್ಲಿ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ ಕೂತು 1994ರಲ್ಲಿ ಸಿಡಿನೌ ಎಂಬ ಸಂಗೀತದ ಅಂಗಡಿ ಕಟ್ಟಿದರು. ಗೆಫೆನ್ ರೆಕಾರ್ಡ್ಸ್ ಕಂಪನಿಗೆ ತನ್ನ ತಾಣದಿಂದಲೇ ಸಿಡಿ ಮಾರುವ ಆಸೆಯಿತ್ತು, ಆದರೆ ಪೊಟ್ಟಣ ಕಟ್ಟುವ, ಅಂಚೆಗೆ ಹಾಕುವ ರಗಳೆ ಬೇಡವಾಗಿತ್ತು. ಓಲಿಮ್ ಸಹೋದರರು ಆ ರಗಳೆಯನ್ನು ತಮ್ಮ ಮೈಮೇಲೆ ಹಾಕಿಕೊಂಡರು. ಗೆಫೆನ್ ತಾಣದ ಕೊಂಡಿ ಒತ್ತಿದವರು ಸಿಡಿನೌ ಅಂಗಡಿಯ ಮುಂಬಾಗಿಲಿಗೆ ಬಂದು ಅಲೆಯಬೇಕಾಗಿರಲಿಲ್ಲ. ಸೀದಾ ಆ ಗಾಯಕನ ಕಪಾಟಿನ ಮುಂದೆಯೇ ಇಳಿಯುತ್ತಿದ್ದರು.

ಮೂರನೆಯ ಕತೆಗೆ ದಂತಕತೆಯ ಬಣ್ಣ ಹತ್ತಿಕೊಂಡಿದೆ. ಪಾರ್ಟಿಯೊಂದರಲ್ಲಿ ಹೆಂಗಸೊಬ್ಬಳು ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್‌ಗೆ ಎದುರಾದಳಂತೆ. ವಿಚ್ಛೇದನದ ಬಗೆಗಿನ ಪುಸ್ತಕಗಳನ್ನು ತನ್ನ ತಾಣದ ಮೂಲಕ ಮಾರಬಹುದೇ ಎಂದು ಕೇಳಿದಳಂತೆ. ಅದು ನಿಜವೋ, ಆಮೇಲೆ ಕಟ್ಟಿದ್ದೋ, 1996ರ ಜುಲೈನಲ್ಲಿ ಅಮೆಜಾನ್ ತನ್ನ ‘ಅಸೋಸಿಯೇಟ್ಸ್’ ಯೋಜನೆ ಶುರು ಮಾಡಿದ್ದು ಮಾತ್ರ ನಿಜ. ಇಂದು ಕನ್ನಡದ ಯೂಟ್ಯೂಬ್ ಹುಡುಗರು ಮಿಕ್ಸರನ್ನೋ ಮೊಬೈಲನ್ನೋ ತೋರಿಸಿ ‘ಲಿಂಕ್ ಡಿಸ್ಕ್ರಿಪ್ಶನ್‌ನಲ್ಲಿದೆ’ ಎನ್ನುವ ಮಾತಿನ ಬೇರು ಅಲ್ಲಿದೆ.

ಬೇರು ಹಬ್ಬಿದ ಮೇಲೆ ತಲೆನೋವು ಶುರುವಾಯಿತು. ಹತ್ತು ದಲ್ಲಾಳಿಗಳಿದ್ದರೆ ಮಂಡಿ ಸಾಹುಕಾರನಿಗೆ ಎಲ್ಲರ ಮುಖವೂ ನೆನಪಿರುತ್ತದೆ. ಮುಖವೇ ಕಾಣದ ಸಾವಿರಾರು ದಲ್ಲಾಳಿಗಳು, ಅಂದರೆ ಅಫಿಲಿಯೇಟ್‌ಗಳು, ಸೇರಿಕೊಂಡರೆ? ಅವರ ಲೆಕ್ಕ ಬರೆಯಲೆಂದೇ ನ್ಯೂಯಾರ್ಕಿನಲ್ಲಿ 1996ರಲ್ಲಿ ಲಿಂಕ್‌ಶೇರ್, ಸಾಂಟಾ ಬಾರ್ಬರಾದಲ್ಲಿ 1998ರಲ್ಲಿ ಕಮಿಷನ್ ಜಂಕ್ಷನ್ ಹುಟ್ಟಿದವು. ಅಷ್ಟು ಜನರನ್ನು ಒಂದೇ ಹಗ್ಗದಲ್ಲಿ ಕಟ್ಟಲಾಗದು, ಗುಂಪು ಮಾಡಲೇಬೇಕು ಎಂಬುದು ಎಲ್ಲರಿಗೂ ಬೇಗ ತಿಳಿಯಿತು. ಗುಂಪು ಮಾಡಲು ಕಣ್ಣೆದುರಿಗಿದ್ದ ದಾರಿಯನ್ನೇ ಹಿಡಿದರು. ಹೆಚ್ಚು ಮಾರಿಸಿದವನು ಮೇಲಿನ ಮೆಟ್ಟಿಲಿಗೆ, ಕಡಿಮೆ ಮಾರಿಸಿದವನು ಕೆಳಗಿನ ಮೆಟ್ಟಿಲಿಗೆ. ಮೇಲಿನವನಿಗೆ ದರವೂ ಹೆಚ್ಚು, ಮರ್ಯಾದೆಯೂ ಹೆಚ್ಚು. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಕಾರಣವೇ ಇರಲಿಲ್ಲ.

ಇಬೇಯ ಮೆಟ್ಟಿಲಿನ ತುತ್ತತುದಿಯಲ್ಲಿ ಇಬ್ಬರು ನಿಂತಿದ್ದರು. ಮೊದಲನೆಯವನು ಡಿಜಿಟಲ್ ಪಾಯಿಂಟ್ ಸಲ್ಯೂಷನ್ಸ್ ನಡೆಸುತ್ತಿದ್ದ ಶಾನ್ ಹೋಗನ್. ಎರಡನೆಯವನು ಬ್ರಯಾನ್ ಡನ್ನಿಂಗ್. ಈತ ಅದೇ ಹೊತ್ತಿನಲ್ಲಿ ಜಗತ್ತಿನ ಸುಳ್ಳುನಂಬಿಕೆಗಳನ್ನು ಬಯಲಿಗೆಳೆಯುವ ‘ಸ್ಕೆಪ್ಟಾಯ್ಡ್’ ಎಂಬ ಪಾಡ್‌ಕಾಸ್ಟನ್ನೂ ನಡೆಸುತ್ತಿದ್ದ. ವಿಧಿಗೆ ಹಾಸ್ಯಪ್ರಜ್ಞೆ ಇದೆ ಎನ್ನಬೇಕು. ಹೋಗನ್‌ಗೆ ಇಬೇ ಕೊಟ್ಟ ಕಮಿಷನ್ ಒಟ್ಟು ಸುಮಾರು 2.8 ಕೋಟಿ ಡಾಲರ್, ಡನ್ನಿಂಗ್‌ಗೆ ಸಂದದ್ದು 50 ಲಕ್ಷ ಡಾಲರ್‌ಗೂ ಹೆಚ್ಚು.

ಇಬ್ಬರ ಕೈಯಲ್ಲೂ ಇದ್ದದ್ದು ಆ ಪುಟ್ಟ ಪುಕ್ಕಟೆ ಆಟಿಕೆಗಳು. ಹೋಗನ್‌ನದು ಓದುಗರ ಊರು ತೋರಿಸುವ ನಕಾಶೆ. ಡನ್ನಿಂಗ್‌ನದು ಮೈಸ್ಪೇಸ್ ಪುಟಕ್ಕೊಂದು, ವರ್ಡ್‌ಪ್ರೆಸ್ ಬ್ಲಾಗಿಗೊಂದು. ಜನ ಖುಷಿಯಿಂದ ತಮ್ಮ ಪುಟಗಳಿಗೆ ಅಂಟಿಸಿಕೊಂಡರು. ಆಟಿಕೆ ತೆರೆದಾಗಲೆಲ್ಲ ಅದರ ಹಿಂದೆ ಅಡಗಿದ್ದ ಕೋಡ್, ಓದುಗನಿಗೆ ಏನೂ ಕಾಣದಂತೆ ಇಬೇಯ ಬಾಗಿಲು ತಟ್ಟುತ್ತಿತ್ತು. ಇಬೇ ತನ್ನ ಪದ್ಧತಿಯಂತೆ ಚೀಟಿ ಹರಿದು ಕೊಡುತ್ತಿತ್ತು. ಕಂಪ್ಯೂಟರಿನವರು ಇದನ್ನು ಕುಕೀ ಎನ್ನುತ್ತಾರೆ. ಗೊತ್ತುಪಡಿಸಿದ ದಿನಗಳೊಳಗೆ ಆ ಓದುಗ ತನ್ನಷ್ಟಕ್ಕೆ ತಾನೇ ಇಬೇಗೆ ಹೋಗಿ ಹಳೆ ಕ್ಯಾಮೆರಾವನ್ನೋ ಗಡಿಯಾರವನ್ನೋ ಕೊಂಡರೆ ಕಮಿಷನ್ ಹೋಗನ್ ಅಥವಾ ಡನ್ನಿಂಗ್‌ಗೆ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತು ಎಂದು ನಂಬಿದ್ದ ಅಜ್ಜಿ ಪಾಪ, ಊರವರಿಂದ ಬೆಳಕಿನ ಬಾಡಿಗೆಯನ್ನಾದರೂ ಕೇಳಿರಲಿಲ್ಲ.

ಮೊದಮೊದಲು ಇಬೇಯವರಿಗೆ ಸಿಕ್ಕಿದ್ದು ಬರೀ ಅನುಮಾನ. ಪ್ರಶ್ನಿಸಿದಾಗ ಹೋಗನ್ ‘ಕೋಡ್ ಬರೆಯುವಾಗ ಆದ ತಪ್ಪು’ ಎಂದು ಹೇಳಿ ಜಾರಿಕೊಂಡ ಎಂದು ಇಬೇ ಮುಂದೆ ತನ್ನ ದಾವೆಯಲ್ಲಿ ಹೇಳಿಕೊಂಡಿತು. ಸಂಸ್ಥೆಯ ಎಂಜಿನಿಯರುಗಳು ತಮ್ಮ ಕಚೇರಿಯಲ್ಲಿ ಕೂತು ಆಟಿಕೆಗಳನ್ನು ಎಷ್ಟೇ ತಿರುವಿಹಾಕಿದರೂ ಕಳ್ಳತನ ಕಾಣಿಸುವಂತಿರಲಿಲ್ಲ. ಯಾಕೆಂದರೆ ಇಬೇಯ ಮುಖ್ಯ ಕಚೇರಿ ಇದ್ದದ್ದು ಸ್ಯಾನ್ ಹೊಸೆಯಲ್ಲಿ. ಲೆಕ್ಕ ನೋಡುತ್ತಿದ್ದ ಕಮಿಷನ್ ಜಂಕ್ಷನ್ ಇದ್ದದ್ದು ಸಾಂಟಾ ಬಾರ್ಬರಾದಲ್ಲಿ. ಆ ಎರಡು ಊರುಗಳಿಂದ ಯಾರಾದರೂ ಪುಟ ತೆರೆದರೆ ಕೋಡ್ ಸುಮ್ಮನೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒಮ್ಮೆ ಚೀಟಿ ಬಿದ್ದ ಯಂತ್ರಕ್ಕೆ ಮತ್ತೊಮ್ಮೆ ಬೀಳದಂತೆಯೂ ಅದು ಎಚ್ಚರ ವಹಿಸುತ್ತಿತ್ತು. ಬೇಹುಗಾರನ ಕಣ್ಣಿಗೆ ಎರಡನೆಯ ಸಾಕ್ಷಿ ಸಿಗಬಾರದಲ್ಲ!

ಎದುರಿನವನು ಕಣ್ಣು ತಪ್ಪಿಸುತ್ತಿದ್ದಾನೆ ಎಂದಾದಾಗ ಇಬೇಯವರು ನೋಡುವ ಜಾಗವನ್ನೇ ಬದಲಿಸಿದರು. ಆಟಿಕೆಯನ್ನು ಬಿಟ್ಟು ತಮ್ಮದೇ ಮುಖಪುಟದಲ್ಲಿ ಗುಟ್ಟಾಗಿ ಒಂದು ಗುರುತು ಹೂತಿಟ್ಟರು. ಆ ಬಲೆಗೆ ‘ಟ್ರಿಪ್ ವೈರ್’ ಎಂಬ ಹೆಸರು ಬಿತ್ತು, ಕಾಲಿಗೆ ತೊಡರುವ ತಂತಿ ಎಂಬ ಅರ್ಥದಲ್ಲಿ. ನಿಜವಾದ ಮನುಷ್ಯ ನಿಜವಾಗಿ ಕೊಂಡಿ ಒತ್ತಿ ಬಂದರೆ ಇಡೀ ಪುಟ ತೆರೆದುಕೊಳ್ಳುತ್ತಿತ್ತು, ಗುರುತು ಒಂದು ಬಗೆಯಲ್ಲಿ ದಾಖಲಾಗುತ್ತಿತ್ತು. ಕದ್ದು ಬಾಗಿಲು ತಟ್ಟಿ ಚೀಟಿಯಷ್ಟನ್ನೇ ಎತ್ತಿಕೊಂಡು ಹೋದರೆ ಇನ್ನೊಂದು ಬಗೆಯಲ್ಲಿ. ಅಲ್ಲಿಗೆ ‘ಎಷ್ಟು’ ಎಂಬ ಕಂಬಸಾಲಿನ ಪಕ್ಕದಲ್ಲಿ ಮೊದಲ ಬಾರಿಗೆ ‘ಹೇಗೆ’ ಎಂಬ ಕಂಬಸಾಲು ಬಂದು ನಿಂತಿತು. ಮೆಟ್ಟಿಲಿನ ತುದಿಯಲ್ಲಿದ್ದ ಇಬ್ಬರೂ ತಂತಿಗೆ ಎಡವಿ ಬಿದ್ದರು.

2007ರ ಜೂನ್‌ನಲ್ಲಿ ಹೋಗನ್‌ನ ಮನೆಯ ಮೇಲೆ ಎಫ್‌ಬಿಐ ದಾಳಿ ನಡೆಯಿತು. 2008ರಲ್ಲಿ ಇಬೇ ಸಿವಿಲ್ ದಾವೆ ಹೂಡಿತು, 2010ರಲ್ಲಿ ಕ್ರಿಮಿನಲ್ ಆರೋಪಪಟ್ಟಿ ಬಂತು. ಇಬ್ಬರೂ ತಪ್ಪೊಪ್ಪಿಕೊಂಡರು. 2014ರಲ್ಲಿ ಹೋಗನ್‌ಗೆ ಐದು ತಿಂಗಳ ಸೆರೆ ಮತ್ತು 25,000 ಡಾಲರ್ ದಂಡ, ಡನ್ನಿಂಗ್‌ಗೆ 15 ತಿಂಗಳ ಸೆರೆ. ಮೊಕದ್ದಮೆ ನಡೆದದ್ದೂ ಸ್ಯಾನ್ ಹೊಸೆಯಲ್ಲೇ. ಚೀಟಿ ಬೀಳದ ಊರು ಕೊನೆಗೂ ತನ್ನ ಸರದಿ ತೀರಿಸಿಕೊಂಡಿತು.

ಕಳ್ಳರು ಸಿಕ್ಕಿದ್ದರಿಂದ ಲೆಕ್ಕ ಸರಿಹೋಗಲಿಲ್ಲ. ಕಳ್ಳತನ ಮಾಡದೆಯೂ ಬೆಳಕಿನ ಬಾಡಿಗೆ ವಸೂಲಿ ಮಾಡುವವರು ಈ ವ್ಯಾಪಾರದಲ್ಲಿ ಬೇಕಾದಷ್ಟು ಇದ್ದರು. ಗಿರಾಕಿ ಸಾಮಾನು ಆರಿಸಿ, ಬುಟ್ಟಿಗೆ ಹಾಕಿ, ದುಡ್ಡು ಕೊಡುವ ಪುಟಕ್ಕೆ ಬಂದಿರುತ್ತಾನೆ. ಅಲ್ಲಿ ‘ಕೂಪನ್ ಸಂಖ್ಯೆ’ ಎಂಬ ಖಾಲಿ ಚೌಕ ಕಾಣುತ್ತದೆ. ಬಿಡುವುದುಂಟೇ? ಇನ್ನೊಂದು ಕಿಟಕಿ ತೆರೆದು ಹುಡುಕುತ್ತಾನೆ, ಕೂಪನ್ ತಾಣಕ್ಕೆ ಹೋಗುತ್ತಾನೆ, ಅಲ್ಲಿಂದ ಒತ್ತಿಕೊಂಡು ವಾಪಸು ಬರುತ್ತಾನೆ. ಕೊನೆಯ ಚೀಟಿ ಯಾರದೋ ಕಮಿಷನ್ ಅವರದು ಎಂಬುದು ಸಾಮಾನ್ಯ ನಿಯಮ. ಎರಡು ವಾರ ಮೊದಲು ಆ ಸಾಮಾನಿನ ಗುಣದೋಷ ತೂಗಿ ಬರೆದು ಇವನ ಮನಸ್ಸಿನಲ್ಲಿ ಆಸೆ ಬಿತ್ತಿದ ಸಣ್ಣ ತಾಣಕ್ಕೆ ಸೊನ್ನೆ. ಮಾರಾಟದ ಪಟ್ಟಿಯಲ್ಲಿ ಕೂಪನ್ ತಾಣ ಮೇಲೆ, ಬಿತ್ತಿದವನು ಕೆಳಗೆ.

ಇಬೇ 2008ರಲ್ಲಿ ಲೆಕ್ಕವನ್ನು ತನ್ನ ಕೈಗೇ ತೆಗೆದುಕೊಂಡಿತು. 2009ರ ಅಕ್ಟೋಬರಿನಿಂದ ಹಳೆಯ ಮೆಟ್ಟಿಲುಗಳನ್ನೇ ಕಿತ್ತುಹಾಕಿ, ಕಳಿಸಿದ ಗಿರಾಕಿಗಳು ಎಂಥವರು ಎಂದು ಅಳೆದು ಒಬ್ಬೊಬ್ಬ ಅಫಿಲಿಯೇಟ್‌ಗೂ ಒಂದೊಂದು ದರ ಕಟ್ಟತೊಡಗಿತು. ದರ ದಿನದಿನಕ್ಕೂ ಬದಲಾಗುತ್ತಿತ್ತು. ಹೇಗೆ ಕಟ್ಟಿದರು ಎಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಅಫಿಲಿಯೇಟ್‌ಗಳು ಸಿಟ್ಟಿಗೆದ್ದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು: ತಕ್ಕಡಿಯನ್ನು ಪರದೆಯ ಹಿಂದಿಟ್ಟು ತೂಗುವ ಸಾಹುಕಾರನನ್ನು ಯಾವ ಮಂಡಿಯಲ್ಲೂ ಯಾರೂ ನಂಬುವುದಿಲ್ಲ. ಉದ್ದೇಶ ನೆಟ್ಟಗಿತ್ತು, ಆದರೆ ಅದಕ್ಕೆ ಯಾರ ಕಣ್ಣಿಗೂ ಕಾಣುವಂಥ ಪುರಾವೆ ಬೇಕಿತ್ತು.

ಪುರಾವೆ ಪಕ್ಕದ ಓಣಿಯಿಂದ ಬಂತು. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಸ್ಟೀವ್ ಟಡೇಲಿಸ್ 2011ರಲ್ಲಿ ಇಬೇಯ ಸಂಶೋಧನಾ ವಿಭಾಗ ಸೇರಿದ್ದರು. ಅವರಿಗೂ ಜೊತೆಗಾರರಾದ ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೋ ಅವರಿಗೂ ಕಾಡಿದ್ದು ಸರ್ಚ್ ಜಾಹೀರಾತಿನ ಲೆಕ್ಕ. ಹುಡುಕುವ ಚೌಕದಲ್ಲಿ ‘ಇಬೇ’ ಎಂದೇ ಟೈಪಿಸಿದವನಿಗೆ ಇಬೇಯ ಜಾಹೀರಾತು ತೋರಿಸಿ, ಅವನು ಅದನ್ನು ಒತ್ತಿದ್ದಕ್ಕೆ ದುಡ್ಡು ಕೊಡುವುದು ಯಾತಕ್ಕೆ? ಜಾಹೀರಾತು ವಿಭಾಗದವರ ಬಳಿ ಲಾಭದ ದೊಡ್ಡ ದೊಡ್ಡ ಅಂಕಿಗಳಿದ್ದವು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿದೆಯೇ ಎಂದು ತಿಳಿಯಲು ಒಂದೇ ದಾರಿ, ಕಾಗೆಯನ್ನು ಓಡಿಸಿ ನೋಡುವುದು.

2012ರ ಮಾರ್ಚಿನಲ್ಲಿ ಓಡಿಸಿ ನೋಡಿದರು. ಯಾಹೂ ಮತ್ತು ಮೈಕ್ರೋಸಾಫ್ಟ್ ಹುಡುಕಾಟಗಳಲ್ಲಿ ತಮ್ಮ ಹೆಸರಿನ ಜಾಹೀರಾತನ್ನು ನಿಲ್ಲಿಸಿದರು, ಹೋಲಿಸಿ ನೋಡಲೆಂದು ಗೂಗಲ್‌ನಲ್ಲಿ ಹಾಗೇ ಇಟ್ಟರು. ಬಾಗಿಲಿಗೆ ಬರುವವರ ಸಂಖ್ಯೆ ಕುಸಿಯಬೇಕಿತ್ತು. ಕುಸಿಯಲಿಲ್ಲ. ಜಾಹೀರಾತಿನಿಂದ ಬರುತ್ತಿದ್ದ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಅದರ ಕೆಳಗಿದ್ದ ಪುಕ್ಕಟೆ ಕೊಂಡಿಯ ಮೂಲಕ ಹಾಗೇ ಬಂದವು. ಆಮೇಲೆ ಕ್ಯಾಮೆರಾ, ಶೂ ಎಂದು ಹುಡುಕುವವರ ಜಾಹೀರಾತನ್ನೂ ಅಮೆರಿಕದ ಸುಮಾರು ಶೇ. 30 ಪ್ರದೇಶದಲ್ಲಿ ನಿಲ್ಲಿಸಿದರು. ಒಟ್ಟು ಲೆಕ್ಕದಲ್ಲಿ ಅಲ್ಲೂ ಏನೂ ಆಗಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಜಾಹೀರಾತೇ ದಂಡ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಅವರು ಒಟ್ಟು ಲೆಕ್ಕವನ್ನು ಬಿಡಿಸಿದರು. ಹಿಂದೆ ಎಷ್ಟು ಸಲ ಕೊಂಡಿದ್ದರು ಎಂಬುದರ ಮೇಲೆ ಗಿರಾಕಿಗಳನ್ನು ಗುಂಪು ಮಾಡಿದರು. ಆಗ ಒಂದೇ ರಾಶಿಯಾಗಿ ಕಂಡದ್ದು ಎರಡು ಹೋಳಾಯಿತು. ಹೊಸಬರು ಮತ್ತು ಅಪರೂಪಕ್ಕೆ ಬರುವವರು ಜಾಹೀರಾತು ನೋಡಿಯೇ ಬಂದಿದ್ದರು. ಪದೇಪದೇ ಬರುವ ಹಳಬರು ಹೇಗಿದ್ದರೂ ಬರುತ್ತಿದ್ದರು. ದುಡ್ಡಿನ ಬಹುಪಾಲು ಹೋಗಿದ್ದು ಆ ಹಳಬರ ಕ್ಲಿಕ್ಕುಗಳಿಗೆ. ಈ ಪ್ರಯೋಗದ ಲೇಖನ 2015ರಲ್ಲಿ ‘ಇಕಾನಮೆಟ್ರಿಕಾ’ ಪತ್ರಿಕೆಯಲ್ಲಿ ಅಚ್ಚಾಯಿತು.

ಅಫಿಲಿಯೇಟ್‌ಗಳ ಗಂಟೂ ಇದೇ ಎಳೆಯಿಂದ ಬಿಚ್ಚಿಕೊಂಡಿತು. ಅವರನ್ನು ಮಾರಾಟದ ಮೊತ್ತದ ಮೇಲೆ ಸಾಲಾಗಿ ನಿಲ್ಲಿಸಿದಾಗ, ಹೇಗಿದ್ದರೂ ಬರುವ ಹಳೆ ಗಿರಾಕಿಯ ಹಾದಿಯಲ್ಲಿ ಕೈಚಾಚಿ ನಿಂತವನೇ ಮುಂದೆ ಬರುತ್ತಿದ್ದ. ಅವರು ಏನು ಕೆಲಸ ಮಾಡುತ್ತಾರೆ, ಎಂಥ ಗಿರಾಕಿಯನ್ನು ತರುತ್ತಾರೆ ಎಂಬುದರ ಮೇಲೆ ಗುಂಪು ಮಾಡಿದಾಗ ಸಾಲೇ ತಿರುಗಾಮುರುಗಾ ಆಯಿತು. ವಿಮರ್ಶೆ ಬರೆಯುವವರು ಒಂದು ಗುಂಪು, ಕೂಪನ್ ಹಂಚುವವರು ಇನ್ನೊಂದು, ಕ್ಯಾಶ್‌ಬ್ಯಾಕ್ ಕೊಡುವವರು ಮತ್ತೊಂದು. ಒಂದೊಂದಕ್ಕೂ ಬೇರೆ ದರ, ಬೇರೆ ಷರತ್ತು. ಇಬೇ ತನ್ನ ಗುಟ್ಟಿನ ತಕ್ಕಡಿಯನ್ನು 2013ರಲ್ಲಿ ಒಳಗಿಟ್ಟು ಎಲ್ಲರಿಗೂ ಅರ್ಥವಾಗುವ ಶೇಕಡಾ ಲೆಕ್ಕಕ್ಕೆ ಮರಳಿತು. ಹೊಸ ಗಿರಾಕಿಯನ್ನು, ಇಲ್ಲವೇ ಬಹುದಿನದಿಂದ ಅಂಗಡಿಯತ್ತ ತಲೆ ಹಾಕದವನನ್ನು ಕರೆತಂದವನಿಗೆ ಹೆಚ್ಚಿನ ದರ ಎಂದು ಬಹಿರಂಗವಾಗಿಯೇ ಬರೆದು ಹಾಕಿತು.