ಹಟಕ್ಕೂ ಒಂದು ಕಾರಣವಿದೆ

ಐದು ವರ್ಷದ ಹುಡುಗನೊಬ್ಬ ತರಗತಿಯಲ್ಲಿ ಬರೆಯಲು ಕೊಟ್ಟ ಹಾಳೆಯನ್ನು ಹರಿದು ಬಿಸಾಡುತ್ತಾನೆ ಎಂದುಕೊಳ್ಳಿ. ಟೀಚರ್ ಗದರಿಸಿ ಮೂಲೆಯಲ್ಲಿ ಕೂರಿಸುತ್ತಾರೆ. ಮರುದಿನವೂ ಅದೇ ಕಥೆ. ವಾರ ಕಳೆಯುವಷ್ಟರಲ್ಲಿ ಹಾಳೆ ಹರಿಯುವುದು ನಿಲ್ಲುವ ಬದಲು ಹೆಚ್ಚಾಗಿರುತ್ತದೆ. ‘ಎಷ್ಟು ಹೇಳಿದರೂ ಕೇಳಲ್ಲ, ತುಂಬಾ ಹಟ’ ಎಂಬ ದೂರು ಡೈರಿಯಲ್ಲಿ ಮನೆಗೆ ಬರುತ್ತದೆ. ಆ ಹುಡುಗನಿಗೆ ಪೆನ್ಸಿಲ್ ಹಿಡಿಯುವುದೇ ಕಷ್ಟವಾಗಿದ್ದರೆ? ಹಾಳೆ ಹರಿದ ಕೂಡಲೇ ಬರೆಯುವ ಕಷ್ಟ ತಪ್ಪುತ್ತದೆ. ದೊಡ್ಡವರು ಶಿಕ್ಷೆ ಎಂದುಕೊಂಡ ಆ ಮೂಲೆ ಅವನಿಗೆ ನೆಮ್ಮದಿಯ ಜಾಗ. ಹರಿದರೆ ತಪ್ಪಿಸಿಕೊಳ್ಳಬಹುದು ಎಂಬ ಪಾಠವನ್ನು ದಿನವೂ ಅವನಿಗೆ ಹೇಳಿಕೊಡುತ್ತಿರುವವರು ನಾವೇ.

ಅದೇ ತರಗತಿಯ ಇನ್ನೊಬ್ಬ ಹುಡುಗಿಯೂ ಹಾಳೆ ಹರಿಯುತ್ತಾಳೆ. ಅವಳಿಗೆ ಬರೆಯಲು ಚೆನ್ನಾಗಿಯೇ ಬರುತ್ತದೆ. ಆದರೆ ಅಷ್ಟೊಂದು ಮಕ್ಕಳ ನಡುವೆ ಟೀಚರ್ ಅವಳತ್ತ ತಿರುಗಿ ನೋಡುವುದು ಹಾಳೆ ಹರಿದಾಗ ಮಾತ್ರ. ಬೈಗುಳವಾದರೂ ಸರಿ, ತನ್ನ ಕಡೆ ಗಮನ ಬಂತಲ್ಲ! ಇಬ್ಬರು ಮಾಡಿದ್ದೂ ಒಂದೇ, ಕಾರಣ ಮಾತ್ರ ಬೇರೆ. ಹುಡುಗಿ ಚೆನ್ನಾಗಿ ಬರೆಯುತ್ತಿರುವಾಗಲೇ ಹತ್ತಿರ ಹೋಗಿ ಮಾತಾಡಿಸಿದರೆ ಅವಳ ಸಮಸ್ಯೆ ಅರ್ಧ ಮುಗಿಯಿತು. ಹುಡುಗನಿಗೆ ಅದರಿಂದ ಏನೂ ಆಗದು. ಅವನಿಗೆ ಬೇಕಾದದ್ದು ಸುಲಭದ ಕೆಲಸ ಮತ್ತು ಸಹಾಯ.

ವರ್ತನೆಗೆ ಮುಂಚೆ ಏನಾಯಿತು, ವರ್ತಿಸಿದ ಮೇಲೆ ಏನು ಸಿಕ್ಕಿತು ಎಂದು ಗಮನಿಸಿ, ಬರೆದಿಟ್ಟು, ಅದನ್ನು ಬದಲಿಸಿ ನೋಡುವ ಶಾಸ್ತ್ರಕ್ಕೆ ಅನ್ವಯಿಕ ವರ್ತನಾ ವಿಶ್ಲೇಷಣೆ ಎಂದು ಹೆಸರು. ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು ‘ಎಬಿಎ ಥೆರಪಿ’ ಎಂದೇ ಪರಿಚಿತ. ಒಂದು ವರ್ತನೆಯ ಬೆನ್ನಿಗೆ ಬರುವ ಫಲವೇ ಆ ವರ್ತನೆಯನ್ನು ಬೆಳೆಸುತ್ತದೆ ಎಂಬ ತತ್ವವನ್ನು ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳ ಪ್ರಯೋಗಗಳಿಂದ ರೂಪಿಸಿದರು, ನಮ್ಮ ಬಿ.ಎಡ್. ಪುಸ್ತಕಗಳಲ್ಲಿ ಪುನರ್ಬಲನ ಎಂದು ಓದುವುದು ಇದನ್ನೇ. ಅದನ್ನು ಪ್ರಯೋಗಾಲಯದಿಂದ ಶಾಲೆ, ಆಸ್ಪತ್ರೆ, ಮನೆಗಳಿಗೆ ತಂದವರಲ್ಲಿ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಡೊನಾಲ್ಡ್ ಬೇಯರ್, ಮಾಂಟ್ರೋಸ್ ವುಲ್ಫ್ ಮತ್ತು ಟಾಡ್ ರಿಸ್ಲಿ ಪ್ರಮುಖರು. ಇವರು 1968ರಲ್ಲಿ ಬರೆದ ಲೇಖನವೇ ಈ ಕ್ಷೇತ್ರದ ಅಡಿಪಾಯ.

ಈ ವಿಜ್ಞಾನದ ಬಗ್ಗೆ ನನಗಿರುವ ಗೌರವಕ್ಕೂ ಆತಂಕಕ್ಕೂ ಕಾರಣ ಒಂದೇ: ಇದು ನಿಜಕ್ಕೂ ಕೆಲಸ ಮಾಡುತ್ತದೆ. ಮಗುವಿನ ವರ್ತನೆಯನ್ನು ಬದಲಿಸುವ ಶಕ್ತಿ ಇರುವವರು ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ವರ್ಷ ವರ್ಷವೂ ಹೊಸದಾಗಿ ಕಲಿಯುತ್ತಿರಬೇಕು. ಏಕೆಂದರೆ ಒಂದು ಕಾಲಕ್ಕೆ ಚಿಕಿತ್ಸೆ ಎಂದು ಕಲಿಸಿದ್ದನ್ನೇ ಇಂದು ಹಿಂಸೆ ಎಂದು ಕರೆಯುವಷ್ಟು ಈ ಕ್ಷೇತ್ರ ಬದಲಾಗಿದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ, ಕೈ ಕಚ್ಚಿಕೊಳ್ಳುವ ಮಕ್ಕಳಿರುತ್ತಾರೆ. ಹೆತ್ತವರಿಗೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿಲ್ಲ. 1982ರಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು ಇಂಥ ಒಂಬತ್ತು ಮಂದಿಯನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಹದಿನೈದು ಹದಿನೈದು ನಿಮಿಷ ಇರಿಸಿ ನೋಡಿದರು. ಒಂದು ಸನ್ನಿವೇಶದಲ್ಲಿ ದೊಡ್ಡವರು ಪತ್ರಿಕೆ ಓದುತ್ತಾ ಕೂರುತ್ತಿದ್ದರು. ಪೆಟ್ಟು ಮಾಡಿಕೊಂಡಾಗ ಮಾತ್ರ ‘ಹಾಗೆ ಮಾಡಬೇಡ, ನೋವಾಗುತ್ತೆ’ ಎಂದು ಮುಟ್ಟಿ ಹೇಳುತ್ತಿದ್ದರು. ಇನ್ನೊಂದರಲ್ಲಿ ಕಷ್ಟದ ಕೆಲಸ ಕೊಟ್ಟು, ಪೆಟ್ಟು ಮಾಡಿಕೊಂಡರೆ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುತ್ತಿದ್ದರು. ಮತ್ತೊಂದರಲ್ಲಿ ಆಟಿಕೆಗಳೂ ಇಲ್ಲದ ಕೋಣೆಯಲ್ಲಿ ಒಂಟಿಯಾಗಿ ಬಿಡುತ್ತಿದ್ದರು. ಹೋಲಿಸಿ ನೋಡಲು, ಏನನ್ನೂ ಒತ್ತಾಯಿಸದೆ ಆಡಲು ಬಿಟ್ಟ ಒಂದು ಸನ್ನಿವೇಶವೂ ಇತ್ತು. ಬಹುತೇಕರಲ್ಲಿ ಒಂದೊಂದು ಸನ್ನಿವೇಶದಲ್ಲಿ ಮಾತ್ರ ಪೆಟ್ಟಿನ ಸಂಖ್ಯೆ ಜಿಗಿಯುತ್ತಿತ್ತು. ಇವಾಟಾ ತಂಡ 1994ರಲ್ಲಿ 152 ಮಂದಿಯ ಫಲಿತಾಂಶ ಪ್ರಕಟಿಸಿತು. ಸುಮಾರು ಶೇ. 38ರಷ್ಟು ಮಂದಿಯಲ್ಲಿ ಕೆಲಸದಿಂದ ಅಥವಾ ಒತ್ತಾಯದಿಂದ ತಪ್ಪಿಸಿಕೊಳ್ಳುವುದು ಕಾರಣ. ಗಮನ ಅಥವಾ ಬೇಕಾದ ವಸ್ತುವಿಗಾಗಿ ಮಾಡುವವರು ಶೇ. 26ರಷ್ಟು, ಹೆಚ್ಚುಕಡಿಮೆ ಅಷ್ಟೇ ಮಂದಿಯಲ್ಲಿ ಅದು ಇಂದ್ರಿಯಾನುಭವಕ್ಕಾಗಿ.

ಅಲ್ಲಿಯವರೆಗೆ ಹುಚ್ಚು ಎಂದೋ ಹಟ ಎಂದೋ ಬದಿಗೆ ತಳ್ಳಿದ್ದ ವರ್ತನೆಗೆ ಒಂದು ಅರ್ಥ ಸಿಕ್ಕಿತು. ಮಾತು ಬಾರದ ಮಗು ತಲೆ ಚಚ್ಚಿಕೊಂಡು ‘ನನ್ನಿಂದ ಆಗುತ್ತಿಲ್ಲ’ ಎನ್ನುತ್ತಿತ್ತು. ಹಾಗಾದರೆ ಆ ಮಾತನ್ನು ಬೇರೆ ರೀತಿಯಲ್ಲಿ ಹೇಳಲು ಕಲಿಸಿದರೆ? 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ನಾಲ್ಕು ಮಕ್ಕಳೊಂದಿಗೆ ಇದನ್ನೇ ಮಾಡಿದರು. ಕೆಲಸ ಕಷ್ಟವಾಗಿ ಗಲಾಟೆ ಮಾಡುವ ಮಗುವಿಗೆ ‘ನನಗೆ ಅರ್ಥವಾಗ್ತಿಲ್ಲ’ ಎಂದು ಹೇಳಲು, ಗಮನಕ್ಕಾಗಿ ಗಲಾಟೆ ಮಾಡುವ ಮಗುವಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಎಂದು ಕೇಳಲು ಕಲಿಸಿದರು. ಗಲಾಟೆ ಇಳಿಯಿತು. ಈ ಎರಡು ಮಾತುಗಳನ್ನು ಅದಲು ಬದಲು ಮಾಡಿ ಕಲಿಸಿದಾಗ ಇಳಿಯಲಿಲ್ಲ! ಮಾತು ಕಾರಣಕ್ಕೆ ಸರಿಹೊಂದಿದಾಗ ಮಾತ್ರ ಫಲ. ಈ ಕ್ಷೇತ್ರದ ಅತ್ಯಂತ ಮಾನವೀಯ ಸಂಶೋಧನೆ ಇದೇ ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಮನೆಗಳಿಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ಕುಕ್ಕರ್ ವಿಷಲ್ ಕೂಗಿದೊಡನೆ ಮಗು ಕಿವಿ ಮುಚ್ಚಿಕೊಂಡು ಕಿರುಚುತ್ತದೆ. ‘ಕಂಡೂ ಕಾಣದ ಹಾಗೆ ಇದ್ದುಬಿಡಿ, ತಾನೇ ಸರಿಹೋಗುತ್ತೆ’ ಎಂದು ಯಾರೋ ಸಲಹೆ ಕೊಡುತ್ತಾರೆ. ಆ ಸಲಹೆ ಫಲಿಸುವುದು ಮಗು ಗಮನಕ್ಕಾಗಿ ಕಿರುಚುತ್ತಿದ್ದರೆ ಮಾತ್ರ. ಶಬ್ದದಿಂದ ಹಿಂಸೆಯಾಗುತ್ತಿರುವ ಮಗುವನ್ನು ಕಂಡೂ ಕಾಣದಂತೆ ಇರುವುದೆಂದರೆ ಅದನ್ನು ನೋವಿನಲ್ಲೇ ಬಿಟ್ಟಂತೆ. ‘ಈಗ ವಿಷಲ್ ಬರುತ್ತೆ ಪುಟ್ಟಾ’ ಎಂದು ಮೊದಲೇ ಹೇಳಿ ಆಚೆ ಕೋಣೆಗೆ ಹೋಗುವುದನ್ನು ಕಲಿಸಬಹುದು, ಕಿವಿ ಮುಚ್ಚುವ ಹೆಡ್‌ಫೋನ್ ಕೊಡಬಹುದು. ಇನ್ನೊಂದು ಮಾತು: ಇದ್ದಕ್ಕಿದ್ದಂತೆ ಮಗು ತಲೆ ಬಡಿದುಕೊಳ್ಳಲು ಶುರು ಮಾಡಿದರೆ ಕಿವಿನೋವೋ ಹಲ್ಲುನೋವೋ ಮಲಬದ್ಧತೆಯೋ ಇದೆಯೇ ಎಂದು ವೈದ್ಯರಿಗೆ ಮೊದಲು ತೋರಿಸಬೇಕು. ದೇಹದ ನೋವನ್ನು ಥೆರಪಿ ಗುಣಪಡಿಸದು.

ಕಲಿಸುವ ಮಾತು ಮನೆಮಾತಾಗಿರಲಿ ಎಂದೂ ಒತ್ತಿ ಹೇಳಬೇಕು. ‘ಬ್ರೇಕ್ ಪ್ಲೀಸ್’ ಎಂದು ಥೆರಪಿ ಕೇಂದ್ರದಲ್ಲಿ ಕಲಿತ ಮಗು ಮನೆಗೆ ಬಂದಾಗ ಅಜ್ಜಿಗೆ ಅದು ಅರ್ಥವಾಗದಿದ್ದರೆ ಕಲಿತದ್ದು ವ್ಯರ್ಥ. ‘ಸಾಕು’, ‘ಬೇಡ’, ‘ಆಮೇಲೆ’ ಎಂದು ಹೇಳಲಿ, ಆಗದಿದ್ದರೆ ಆ ಚಿತ್ರವಿರುವ ಕಾರ್ಡ್ ಕೊಡಲಿ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಹಿಂದುಳಿಯುತ್ತದೆ ಎಂಬ ಹೆದರಿಕೆಗೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ.

ಇನ್ನು ನೋವಿನ ಭಾಗ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನಲ್ಲಿದ್ದ ಇವಾರ್ ಲೋವಾಸ್ 1960ರ ದಶಕದಲ್ಲಿ ಆಟಿಸಂ ಇರುವ ಮಕ್ಕಳಿಗೆ ತಿಂಡಿ ಕೊಟ್ಟು ಹೊಗಳುವುದರ ಜೊತೆಗೆ ಕೆನ್ನೆಗೆ ಹೊಡೆತ, ವಿದ್ಯುತ್ ಆಘಾತಗಳನ್ನೂ ಬಳಸಿದರು. 1965ರಲ್ಲಿ ಲೈಫ್ ಪತ್ರಿಕೆ ಅದನ್ನು ಚಿತ್ರಸಮೇತ ಪ್ರಕಟಿಸಿತ್ತು. ಅವರೇ 1987ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಆಸೆ ಹುಟ್ಟಿಸಿತು: ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದರು, ಅವರ ಬುದ್ಧಿಮತ್ತೆಯ ಅಂಕವೂ ಸಾಮಾನ್ಯ ಮಟ್ಟಕ್ಕೆ ಬಂತು. ಆದರೆ ಯಾವ ಮಗು ಈ ತರಬೇತಿಯ ಗುಂಪಿಗೆ, ಯಾವುದು ಹೋಲಿಕೆಯ ಗುಂಪಿಗೆ ಎಂಬುದನ್ನು ಅಲ್ಲಿ ಚೀಟಿ ಎತ್ತಿದಂತೆ ನಿರ್ಧರಿಸಿರಲಿಲ್ಲ. ಜೋರಾಗಿ ಗದರುವುದು, ತೊಡೆಗೆ ಹೊಡೆಯುವುದು ಆ ತರಬೇತಿಯಲ್ಲೂ ಇದ್ದವು.

ಆ ‘40 ಗಂಟೆ’ ಅನೇಕ ಕೇಂದ್ರಗಳ ಮಂತ್ರವಾಯಿತು. ಸಾಲ ಮಾಡಿ ಗಂಟೆಗಳನ್ನು ಕೊಂಡ ಕುಟುಂಬಗಳೆಷ್ಟೋ. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಇಂಥ ತೀವ್ರ ತರಬೇತಿಯ ಅಧ್ಯಯನಗಳನ್ನು ಜರಡಿ ಹಿಡಿದಾಗ ಉಳಿದದ್ದು ಐದು, ಅದರಲ್ಲಿ ಒಟ್ಟು 219 ಮಕ್ಕಳು. ಪ್ರಯೋಜನದ ಸೂಚನೆ ಇದೆ, ಆದರೆ ಪುರಾವೆ ದುರ್ಬಲ ಎಂದು ಅದು ಹೇಳಿತು. 2024ರಲ್ಲಿ 140ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಇನ್ನೊಂದು ವಿಶ್ಲೇಷಣೆಯಲ್ಲಿ, ಗಂಟೆ ಹೆಚ್ಚಾದಷ್ಟೂ ಫಲ ಹೆಚ್ಚು ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಇದೇ ಹೊತ್ತಿಗೆ ಹಿಂದೆ ಈ ಥೆರಪಿ ಪಡೆದ ಮಕ್ಕಳು ದೊಡ್ಡವರಾಗಿ ಮಾತಾಡತೊಡಗಿದ್ದಾರೆ. ಕೈ ಬಡಿಯುವುದನ್ನು ತಡೆದರು, ಬಲವಂತವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಸಿದರು, ನಾವು ನಾವಾಗಿರುವುದೇ ತಪ್ಪು ಎಂದು ಕಲಿಸಿದರು ಎಂಬುದು ಅವರಲ್ಲಿ ಅನೇಕರ ಅಳಲು. ಮಾಂಟ್ರೋಸ್ ವುಲ್ಫ್ 1978ರಷ್ಟು ಹಿಂದೆಯೇ ಎಚ್ಚರಿಸಿದ್ದರು: ಗುರಿ, ವಿಧಾನ, ಫಲ ಮೂರನ್ನೂ ಅದನ್ನು ಅನುಭವಿಸುವವರು ಒಪ್ಪುತ್ತಾರೆಯೇ ಎಂದು ಕೇಳಬೇಕು. ಮಕ್ಕಳನ್ನು ಹಾಗೆ ಕೇಳಲು ಈ ಕ್ಷೇತ್ರ ತುಂಬಾ ತಡಮಾಡಿತು.

ಇಂದಿನ ಚರ್ಚೆ ನಡೆಯುತ್ತಿರುವುದು ಅಲ್ಲಿಯೇ. ಮಾತು ಬಾರದ ಮಗುವೂ ‘ಬೇಡ’ ಎನ್ನುತ್ತದೆ. ಮುಖ ತಿರುಗಿಸುತ್ತದೆ, ಕೈ ತಳ್ಳುತ್ತದೆ, ಬಾಗಿಲ ಕಡೆ ನಡೆಯುತ್ತದೆ. ಅದನ್ನು ಮುರಿಯಬೇಕಾದ ಹಟ ಎನ್ನುವ ಬದಲು ಗೌರವಿಸಬೇಕಾದ ಉತ್ತರ ಎಂದು ಓದಲು ಈಗ ಕಲಿಸಲಾಗುತ್ತಿದೆ. ಗ್ರೆಗರಿ ಹ್ಯಾನ್ಲಿ ಮತ್ತು ಸಂಗಡಿಗರ ವಿಧಾನವೊಂದರಲ್ಲಿ ಮಗು ಕಲಿಯಲು ಬರಬಹುದು, ಸುಮ್ಮನೆ ಆಡಿಕೊಂಡಿರಬಹುದು, ಇಲ್ಲವೇ ಎದ್ದು ಹೋಗಿಬಿಡಬಹುದು. ಹೀಗೆ ಬಿಟ್ಟರೆ ಯಾವ ಮಗು ಕಲಿತೀತು ಎನಿಸುತ್ತದೆ, ಅಲ್ಲವೇ? ಆದರೂ ಅಲ್ಲಿ ಮಕ್ಕಳು ಬಹುಪಾಲು ಕಲಿಕೆಯನ್ನೇ ಆರಿಸಿಕೊಂಡರು. ಮೇಜಿನ ಮುಂದೆ ಕೂರಿಸಿ ಕೊಡುತ್ತಿದ್ದ ಪಾಠ ನೆಲದ ಮೇಲಿನ ಆಟಕ್ಕೆ, ಊಟ ಸ್ನಾನಗಳ ನಡುವಿನ ಮಾತಿಗೆ ಸರಿಯುತ್ತಿದೆ.

ಇಷ್ಟೆಲ್ಲ ಬದಲಾದದ್ದನ್ನು ಇಪ್ಪತ್ತು ವರ್ಷದ ಹಿಂದೆ ಓದಿ ಮುಗಿಸಿದವರು ತಿಳಿಯುವುದು ಹೇಗೆ? ಅಮೆರಿಕದಲ್ಲಿ 1998ರಲ್ಲಿ ಸ್ಥಾಪನೆಯಾದ ವರ್ತನಾ ವಿಶ್ಲೇಷಕರ ಪ್ರಮಾಣೀಕರಣ ಮಂಡಳಿ ಅದಕ್ಕೊಂದು ಕಟ್ಟುಪಾಡು ಮಾಡಿದೆ. ಸ್ನಾತಕೋತ್ತರ ಪದವಿ ಪಡೆದು ಪರೀಕ್ಷೆ ಪಾಸಾದ ವಿಶ್ಲೇಷಕರು ಪ್ರತಿ ಎರಡು ವರ್ಷಕ್ಕೆ 32 ಯೂನಿಟ್ ಮುಂದುವರಿದ ಶಿಕ್ಷಣ ಪಡೆಯಬೇಕು. ಅದರಲ್ಲಿ ಕನಿಷ್ಠ 4 ಯೂನಿಟ್ ವೃತ್ತಿನೀತಿಗೆ ಮೀಸಲು. ಕಿರಿಯರ ಮೇಲ್ವಿಚಾರಣೆ ಮಾಡುವವರು ಅದರ ಬಗ್ಗೆಯೂ 3 ಯೂನಿಟ್ ಕಲಿಯಬೇಕು. 2022ರಿಂದ ಜಾರಿಯಲ್ಲಿರುವ ಅದರ ನೀತಿಸಂಹಿತೆ ಸೇವೆ ಪಡೆಯುವವರ ಒಪ್ಪಿಗೆಯ ಮಾತನ್ನೂ ಆಡುತ್ತದೆ. ಗಂಟೆ ತುಂಬಿಸಲು ವಿಡಿಯೊ ಹಾಕಿ ಕೂರುವವರು ಅಲ್ಲೂ ಇರಬಹುದು. ಹಾಗೆಂದು ನಿಯಮವೇ ಬೇಡ ಎನ್ನಲಾಗದು. ನಿಯಮ ಇದ್ದರೆ ಕೊನೆಗೆ ಕೇಳುವವರಾದರೂ ಒಬ್ಬರಿರುತ್ತಾರೆ.

ನಮ್ಮಲ್ಲಿ ಕೇಳುವವರು ಯಾರು? ಆ ಮಂಡಳಿ 2023ರ ಜನವರಿಯಿಂದ ಭಾರತದಲ್ಲಿರುವವರಿಗೆ ಹೊಸದಾಗಿ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿದೆ. ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು, ನೋಂದಣಿ ನವೀಕರಿಸಲು ಹೊಸ ಕಲಿಕೆಯ ಅಂಕಗಳನ್ನೂ ಗಳಿಸಬೇಕು. ವರ್ತನಾ ವಿಶ್ಲೇಷಕ ಎಂಬ ಪ್ರತ್ಯೇಕ ವರ್ಗ ಅಲ್ಲಿಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಆ ಹೆಸರು ಬಂದಿದೆ. ಅದು ಹೆಸರಾಗಿಯೇ ಉಳಿಯದೆ, ಅರ್ಹತೆ ಏನು, ಎಷ್ಟು ಕಾಲಕ್ಕೊಮ್ಮೆ ಹೊಸದಾಗಿ ಕಲಿಯಬೇಕು ಎಂಬುದು ಪ್ರತಿ ರಾಜ್ಯದಲ್ಲೂ ಜಾರಿಗೆ ಬರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಗುರುತಿಸಿದೆ. ಆ ಮಕ್ಕಳನ್ನು ಮುಟ್ಟಿ ಕೆಲಸ ಮಾಡುವವರಿಗೆ ಕಟ್ಟಳೆ ಇಲ್ಲದಿರುವುದು ಅನ್ಯಾಯ.

ಅಲ್ಲಿಯವರೆಗೆ ಹೆತ್ತವರೇ ಕೇಳಬೇಕು. ರೋಗನಿರ್ಣಯಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಗಳಿವೆ, ಮೊದಲು ಅಲ್ಲಿಗೆ ಹೋಗಿ. ಆಮೇಲೆ ಕೇಂದ್ರಕ್ಕೆ ಸೇರಿಸುವಾಗ ಫೀಸಿಗೆ ಮುಂಚೆ ಉಳಿದದ್ದನ್ನು ಕೇಳಿ: ನಮ್ಮ ಮಗು ಹೀಗೇಕೆ ಮಾಡುತ್ತಿದೆ ಎಂದು ನಿಮಗೆ ಅನಿಸುತ್ತದೆ, ಅದನ್ನು ಹೇಗೆ ಕಂಡುಕೊಂಡಿರಿ, ಮಗು ಬೇಡ ಎಂದಾಗ ಏನು ಮಾಡುತ್ತೀರಿ, ಕಳೆದ ಎರಡು ವರ್ಷದಲ್ಲಿ ಹೊಸದಾಗಿ ಏನು ಕಲಿತಿರಿ? ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಕುರ್ಚಿ ಎಳೆದು ಕೂತು ಉತ್ತರಿಸುತ್ತಾರೆ. ತರಬೇತಿ ನಡೆಯುವಾಗ ಒಳಗೆ ಕೂತು ನೋಡಲು ಅವಕಾಶ ಕೇಳಿ. ನೋಡಲು ಬಿಡದ ಕೇಂದ್ರಕ್ಕೆ ಮಗುವನ್ನು ಕಳುಹಿಸಬೇಡಿ.