ಉಪಗ್ರಹಕ್ಕೆ ಮಂಗಳೂರಿನ ಮಣ್ಣು ಯಾಕೆ ಸರಿಯಾಗಿ ಕಾಣಲ್ಲ?

ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಮಂಗಳೂರಿನಲ್ಲಿ 2019ರ ಮೇ ತಿಂಗಳಲ್ಲಿ ನಲ್ಲಿ ನೀರಿಗೆ ರೇಷನ್ ಬಂತು. ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಸೇರಿತ್ತು. ಮಳೆ ಎಷ್ಟು ಬಿತ್ತು ಅನ್ನೋದು ಒಂದು ಲೆಕ್ಕ, ಅದರಲ್ಲಿ ನೆಲದಲ್ಲಿ ಎಷ್ಟು ಉಳೀತು ಅನ್ನೋದು ಬೇರೆಯೇ ಲೆಕ್ಕ. ಮೊದಲನೆಯದಕ್ಕೆ ಮಳೆಮಾಪಕ ಇದೆ. ಎರಡನೆಯದಕ್ಕೆ?

ಅದಕ್ಕೆ ಉಪಗ್ರಹಗಳಿವೆ. ನೆಲ ಸದಾ ಸಣ್ಣ ಪ್ರಮಾಣದಲ್ಲಿ ಮೈಕ್ರೋವೇವ್ ಹೊರಸೂಸುತ್ತಿರುತ್ತೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಮಣ್ಣಿನದು ಬರೀ 3ರಿಂದ 5. ಹಾಗಾಗಿ ಮಣ್ಣು ಒದ್ದೆಯಾದಂತೆ ಅದು ಹೊರಸೂಸುವ ಮೈಕ್ರೋವೇವ್ ಕಡಿಮೆಯಾಗುತ್ತೆ, ಮೇಲಿಂದ ಬಿಟ್ಟ ರೇಡಾರ್ ಅಲೆ ಹೆಚ್ಚು ಜೋರಾಗಿ ವಾಪಸ್ ಬರುತ್ತೆ. ಮೋಡ ಇದಕ್ಕೆ ದೊಡ್ಡ ಅಡ್ಡಿಯಲ್ಲ, ಜುಲೈ ತಿಂಗಳ ಮಳೆಗಾಲದಲ್ಲೂ ಅಳೆಯಬಹುದು. ಆದರೆ ಸಿಗೋದು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣಿನ ಮಾಹಿತಿ ಅಷ್ಟೇ. ತೆಂಗಿನ ಬೇರಿನ ಆಳದಲ್ಲಿ ಏನಿದೆ ಅಂತ ಅದು ನೇರವಾಗಿ ಹೇಳಲ್ಲ.

ಹವಾಮಾನ ಬದಲಾಗ್ತಿದೆಯಾ ಅಂತ ತಿಳಿಯೋಕೆ ಒಂದು ವರ್ಷದ ಅಳತೆ ಸಾಲದು, ದಶಕಗಳದ್ದು ಬೇಕು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಜೋಡಿಸಿರುವ ದಾಖಲೆ 1978ರ ನವೆಂಬರ್‌ನಿಂದ ಶುರುವಾಗುತ್ತೆ, ನಿಂಬಸ್-7 ಉಪಗ್ರಹದ ಕಾಲದಿಂದ. ಆಮೇಲೆ ಹತ್ತಾರು ಉಪಗ್ರಹ ಬಂದು ಹೋದವು. ಮಣ್ಣಿನ ತೇವಾಂಶಕ್ಕೆಂದೇ ರೂಪಿಸಿದ ಸ್ಮಾಸ್ 2009ರಲ್ಲಿ, ನಾಸಾದ ಸ್ಮ್ಯಾಪ್ 2015ರ ಜನವರಿಯಲ್ಲಿ ಹಾರಿದವು. ಸ್ಮ್ಯಾಪ್‌ನ ರೇಡಾರ್ ಅದೇ ಜುಲೈನಲ್ಲಿ ಕೆಟ್ಟು ನಿಂತಿತು. ರೇಡಿಯೋಮೀಟರ್ ಮಾತ್ರ ಕೆಲಸ ಮುಂದುವರಿಸಿತು.

ಇಲ್ಲೇ ತಲೆನೋವು ಇರೋದು. ರೇಷನ್ ಅಂಗಡಿಯವರು ತಕ್ಕಡಿ ಬದಲಾಯಿಸಿದ ತಿಂಗಳೇ ನಿಮ್ಮ ಅಕ್ಕಿ ಕಮ್ಮಿ ಬಂತು ಅಂದುಕೊಳ್ಳಿ. ಕಮ್ಮಿಯಾಗಿದ್ದು ಅಕ್ಕಿಯಾ, ತಪ್ಪಿದ್ದು ತಕ್ಕಡಿಯಾ? ಒಂದೇ ಚೀಲವನ್ನು ಎರಡರಲ್ಲೂ ತೂಗಿದರೆ ಮಾತ್ರ ಗೊತ್ತಾಗೋದು. ಉಪಗ್ರಹಗಳ ಕಥೆಯೂ ಹೀಗೇ. ಪ್ರತಿಯೊಂದರ ತರಂಗಾಂತರ ಬೇರೆ, ಹಾದುಹೋಗುವ ಹೊತ್ತು ಬೇರೆ, ನೋಡುವ ಆಳ ಬೇರೆ. ಹಳೆಯದು ಹೊಸದು ಎರಡೂ ಒಟ್ಟಿಗೆ ಅಳೆದ ಅವಧಿ ನೋಡಿ, ಅಳತೆಗಳನ್ನು ಒಂದೇ ಮಾಪಕಕ್ಕೆ ತರಬೇಕು. ಈ ಹೊಂದಾಣಿಕೆ ತಪ್ಪಿದರೆ ಇಲ್ಲದ ಬರ ಕಾಣಬಹುದು, ಇರೋ ಬರ ಕಾಣೆಯಾಗಬಹುದು.

ಇನ್ನು ನಮ್ಮೂರಿಗೆ ಬನ್ನಿ. ಆ ದಾಖಲೆಯ ಒಂದೊಂದು ಚೌಕ ಹೆಚ್ಚುಕಮ್ಮಿ 25 ಕಿಲೋಮೀಟರ್ ಅಗಲ. ಮಂಗಳೂರಿನ ಚೌಕದಲ್ಲಿ ಅರಬ್ಬಿ ಸಮುದ್ರ ಬರುತ್ತೆ, ಅದರ ಸಿಗ್ನಲ್ ಮಣ್ಣಿನ ಸಿಗ್ನಲನ್ನು ನುಂಗಿಬಿಡುತ್ತೆ. ಪೂರ್ವಕ್ಕೆ ಹೋದರೆ ಅಡಿಕೆ, ತೆಂಗು, ರಬ್ಬರ್ ತೋಟ, ಆಮೇಲೆ ಘಟ್ಟದ ಕಾಡು. ಎಲೆಯಲ್ಲೂ ನೀರಿರುತ್ತೆ ಅಲ್ವಾ? ಕೆಳಗಿನ ಮಣ್ಣು ಮರೆಯಾಗುತ್ತೆ. ಇಂಥ ಕಡೆಯ ಅಂಕಿಗಳನ್ನು ದಾಖಲೆ ಮಾಡುವವರೇ ನಂಬಬೇಡಿ ಅಂತ ಗುರುತು ಹಾಕ್ತಾರೆ, ಇಲ್ಲವೇ ಖಾಲಿ ಬಿಡ್ತಾರೆ. ಬಯಲುಸೀಮೆಯ ಸ್ಥಿತಿ ಬೇರೆ. ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳ ಜೊತೆ ಹೊಲಕ್ಕಿಳಿದು ಮಣ್ಣು ಅಳೆದು, ಉಪಗ್ರಹದ ಲೆಕ್ಕದೊಂದಿಗೆ ತಾಳೆ ನೋಡಿದ್ದಾರೆ.

ಇದರಲ್ಲಿ ರಾಜಕೀಯ ಏನಿದೆ? ದುಡ್ಡಿದೆ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮೊದಲು ಮಳೆ ಕೊರತೆ ನೋಡಬೇಕು. ನಂತರ ಬೆಳೆ, ಉಪಗ್ರಹ ತೋರಿಸುವ ಹಸಿರು, ಜಲಮೂಲ, ಮಣ್ಣಿನ ತೇವಾಂಶ. 2023ರಲ್ಲಿ ರಾಜ್ಯ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿ 18,171 ಕೋಟಿ ರೂಪಾಯಿ ಕೇಳಿತು. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದಿದ್ದು ಸುಮಾರು 3,454 ಕೋಟಿ. ಆ ಜಗಳ ತೇವಾಂಶದ್ದಲ್ಲ, ನಿಜ. ಆದರೆ ತಾಲೂಕೊಂದು ಪಟ್ಟಿಗೆ ಸೇರೋದು ಇಂಥ ಅಂಕಿಗಳಿಂದಲೇ. ಕೈಪಿಡಿಯ ತೇವಾಂಶ ಸೂಚ್ಯಂಕ ಬರೋದು ಮಳೆ ಮತ್ತು ಮಣ್ಣಿನ ಗುಣ ಇಟ್ಟುಕೊಂಡು ಮಾಡುವ ನೀರಿನ ಜಮಾ-ಖರ್ಚಿನಿಂದ. ಆ ಲೆಕ್ಕ ಸರಿಯಾ ಅಂತ ನೋಡೋಕೆ ನಿಜವಾದ ಅಳತೆ ಬೇಕಲ್ಲ?

ಬರ ಬಿಡಿ, ಗುಡ್ಡ ಕುಸಿತಕ್ಕೂ ಇದು ಬೇಕು. 2025ರ ಮೇ ಕೊನೆಗೆ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಮನೆ ಮೇಲೆ ಬಿದ್ದು ಜೀವ ಹೋದವು. ಒಣಗಿದ ಗುಡ್ಡ ತಡೆದುಕೊಳ್ಳುವ ಮಳೆಯನ್ನು ಆಗಲೇ ನೀರು ಕುಡಿದ ಗುಡ್ಡ ತಡೆಯಲ್ಲ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ-ನಾಸಾ ಜಂಟಿ ಉಪಗ್ರಹ ನಿಸಾರ್ ಪ್ರತಿ 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತೆ, ನೂರಾರು ಮೀಟರ್ ಅಳತೆಯ ಚೌಕದಲ್ಲಿ ತೇವಾಂಶ ಹೇಳಬಲ್ಲದು. ಸಮುದ್ರ ಬೇರೆ, ನೆಲ ಬೇರೆ ಅಂತ ಬಿಡಿಸಿ ನೋಡಬಹುದು. ಆದರೆ ದಟ್ಟ ಕಾಡಿನ ತೊಡಕು ಉಳಿಯುತ್ತೆ, ಮತ್ತು ಅದರ ದಾಖಲೆ ಈಗಷ್ಟೇ ಶುರು. ಈ ವರ್ಷದ ಮಣ್ಣು 'ಸಾಮಾನ್ಯಕ್ಕಿಂತ' ಒಣಗಿದೆಯಾ ಅಂತ ಹೇಳೋಕೆ ಅದಕ್ಕೆ ಇನ್ನೂ ಹಲವು ವರ್ಷ ಬೇಕು.

ಹಾಗಾಗಿ ಕರಾವಳಿಗೆ ನೆಲದಲ್ಲಿ ಹೂತಿಡುವ ಸೆನ್ಸರ್‌ಗಳೂ ಬೇಕು: ಗದ್ದೆಯಲ್ಲಿ, ತೋಟದಲ್ಲಿ, ಮುರಕಲ್ಲಿನ ಗುಡ್ಡದಲ್ಲಿ, ಅದೇ ಜಾಗದಲ್ಲಿ ಇಪ್ಪತ್ತು ವರ್ಷ. ಪರಿಣತಿಗೆ ದೂರ ಹೋಗಬೇಕಿಲ್ಲ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ವಿಭಾಗವೇ ಇದೆ. ಉದ್ಘಾಟನೆಗೆ ರಿಬ್ಬನ್ ಕತ್ತರಿಸುವಂಥ ಕೆಲಸ ಅಲ್ಲದ ಕಾರಣ ಯಾರೂ ಕೇಳಲ್ಲ ಅಷ್ಟೇ. ಮುಂದಿನ ಸಲ ಬರದ ಪಟ್ಟಿ ಬಂದಾಗ ನಿಮ್ಮ ತಾಲೂಕಿನ ತೇವಾಂಶದ ಅಂಕಿ ಅಳೆದಿದ್ದಾ, ಲೆಕ್ಕ ಹಾಕಿದ್ದಾ ಅಂತ ನಿಮ್ಮ ಶಾಸಕರನ್ನು ಕೇಳಿ ನೋಡಿ.