ಲಿಥಿಯಂ ಮತ್ತು ಬಾಟಲಿ ತೊಳೆಯುವವನು

ಬೆಂಗಳೂರಿನ ಬಿಟಿಎಂ ಲೇಔಟ್ ಕಡೆಯಿಂದ ಬಂದ ಬಸ್ಸು ಡೈರಿ ಸರ್ಕಲ್ ದಾಟಿ ಸ್ವಲ್ಪ ದೂರ ಹೋದರೆ ಮಾನಸಿಕ ಕಾಯಿಲೆ, ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್. ಇಳಿಯುವವರ ಕೈಯಲ್ಲಿ ಫೈಲು, ಜೊತೆಗೆ ಮನೆಯವರೊಬ್ಬರು. ಮನಸ್ಸು ಅತಿ ಹುರುಪು, ಅತಿ ಬೇಸರಗಳ ನಡುವೆ ತೂಗುವ ಬೈಪೋಲಾರ್ ಕಾಯಿಲೆಗೆ ತೋರಿಸಲು ಬಂದವರ ಚೀಟಿಯಲ್ಲಿ ಹಳೆಯ ಮದ್ದೊಂದು ಆಗಾಗ ಕಾಣುತ್ತದೆ: ಲಿಥಿಯಂ.

ಅದೊಂದು ಉಪ್ಪು. ಅತಿ ಹುರುಪಿನಲ್ಲಿ ನಿದ್ದೆಗೆಟ್ಟ ರೋಗಿಗಳನ್ನು ಅದು ಶಾಂತವಾಗಿಸುತ್ತದೆಂದು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲೇ ಬರೆದರು. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ, ಹಾಗಾಗಿ ಆಗಾಗ ರಕ್ತ ಪರೀಕ್ಷೆ ತಪ್ಪದು. ಕೆಲವರಿಗೆ ಅದು ಬದುಕನ್ನೇ ಮರಳಿಸುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ. ಯಾಕೆ?

ಉತ್ತರ ಹುಡುಕುವವರು ಊರಿನ ಇನ್ನೊಂದು ತುದಿಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಲ್ಲಿದ್ದಾರೆ. ನಿಮ್ಹಾನ್ಸ್ ಜೊತೆಗೂಡಿ ಈ ಸಂಸ್ಥೆಗಳು ಆರಂಭಿಸಿದ ಯೋಜನೆಯ ಚುಟುಕು ಹೆಸರು ಎಡಿಬಿಎಸ್. ಒಂದೇ ಮನೆಯಲ್ಲಿ ಹಲವರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ವೈದ್ಯರು ಗುರುತಿಸುತ್ತಾರೆ. ಒಪ್ಪಿದವರ ರಕ್ತದ ಕಣಗಳು ಲ್ಯಾಬಿನಲ್ಲಿ ಕಾಂಡಕೋಶಗಳಾಗುತ್ತವೆ, ಅವುಗಳಿಂದ ನರಕೋಶಗಳು ಬೆಳೆಯುತ್ತವೆ. ದೊಡ್ಡವರ ಕೋಶವನ್ನು ಹೀಗೆ ಹಿಂದಕ್ಕೆ ತಿರುಗಿಸುವ ವಿದ್ಯೆಗೆ ಜಪಾನಿನ ಶಿನ್ಯಾ ಯಮನಾಕಾ 2012ರ ನೊಬೆಲ್ ಹಂಚಿಕೊಂಡರು. ಬದುಕಿರುವವರ ಮಿದುಳನ್ನು ಬಿಚ್ಚಿ ನೋಡಲಾಗದು. ಇದು ಅದಕ್ಕೆ ಹತ್ತಿರದ ದಾರಿ.

ಕೋಶದೊಳಗೆ ಸುದ್ದಿ ಸಾಗುವುದನ್ನು ಹಿಂದೆ ಖಾಲಿಯಾದ ಮೇಲೆ ಮರಳಿಸುತ್ತಿದ್ದ ಹಾಲಿನ ಬಾಟಲಿಯ ಲೆಕ್ಕದಲ್ಲಿ ತಿಳಿಯಬಹುದು. ಹೊರಗಿನಿಂದ ಸಂಕೇತ ಬಂದೊಡನೆ ಕೋಶದ ಪೊರೆಯಲ್ಲಿರುವ ಪಿಐಪಿ2 ಎಂಬ ಕೊಬ್ಬು ಒಡೆಯುತ್ತದೆ. ಅದರ ಒಂದು ತುಂಡು ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ನರಕೋಶ ಚುರುಕಾಗುತ್ತದೆ. ಆಮೇಲೆ ಉಳಿಯುವುದು ಖಾಲಿ ಬಾಟಲಿ. ಅದನ್ನು ತೊಳೆದು ಮತ್ತೆ ತುಂಬಿದರೆ ಮಾತ್ರ ನಾಳೆಗೆ ಹಾಲು. ಆ ತೊಳೆಯುವ ಕಿಣ್ವ ಐಎಂಪಿಎ1. ಲಿಥಿಯಂ ಅದರ ಕೈ ಕಟ್ಟಿಹಾಕುವುದರಿಂದಲೇ ಗುಣ ಕಾಣುತ್ತದೆಂಬ ಊಹೆಯನ್ನು 1989ರಲ್ಲಿ ಮೈಕೆಲ್ ಬೆರಿಡ್ಜ್ ಮತ್ತು ಸಂಗಡಿಗರು ಮುಂದಿಟ್ಟರು. ಇಲ್ಲ, ಲಿಥಿಯಂ ತಡೆಯುವುದು ಜಿಎಸ್‌ಕೆ-3 ಎಂಬ ಬೇರೆಯೇ ಕಿಣ್ವವನ್ನು ಎಂಬ ವಾದವೂ ಬಂತು.

ಎನ್‌ಸಿಬಿಎಸ್‌ನ ರಘು ಪಡಿಂಜಾಟ್ ತಂಡ ಬೆರಿಡ್ಜ್ ಅವರ ಊಹೆಯನ್ನು ಕೋಶದಲ್ಲೇ ಪರೀಕ್ಷಿಸಿತು. ರೋಗಿಗಳ ರಕ್ತದಲ್ಲಿ ಇರುವಷ್ಟೇ ಲಿಥಿಯಂ ಹಾಕಿದಾಗ ಪಿಐಪಿ2 ಮರಳಿ ತಯಾರಾಗುವುದು ತಡವಾಯಿತು, ಕ್ಯಾಲ್ಸಿಯಂ ಬಿಡುಗಡೆ ತಗ್ಗಿತು. ಐಎಂಪಿಎ1 ಜೀನನ್ನೇ ತೆಗೆದುಹಾಕಿದ ಕೋಶಗಳಲ್ಲಿ ಲಿಥಿಯಂನ ಆಟ ನಡೆಯಲಿಲ್ಲ. ಮಾನವ ನರಕೋಶಗಳಲ್ಲೂ ಅದು ಉದ್ರೇಕವನ್ನು ಇಳಿಸಿತು.

ಇಂಥ ಕೆಲಸದ ಬಹುಭಾಗ ಪಿಎಚ್‌ಡಿ ವಿದ್ಯಾರ್ಥಿಗಳದ್ದು, ಪೋಸ್ಟ್‌ಡಾಕ್‌ಗಳದ್ದು. ಕಾಂಡಕೋಶಗಳಿಗೆ ಭಾನುವಾರವೂ ಹೊಸ ಆಹಾರ ದ್ರವ ಬೇಕು. ನರಕೋಶ ಬಲಿಯಲು ವಾರಗಟ್ಟಲೆ ಕಾಯಬೇಕು, ನಡುವೆ ಫಂಗಸ್ ಹತ್ತಿದರೆ ಮೊದಲಿನಿಂದ ಆರಂಭ.

ಸದ್ಯಕ್ಕೆ ಲಿಥಿಯಂ ಯಾರಿಗೆ ಹಿಡಿಸುತ್ತದೆಂದು ತಿಳಿಯಲು ವೈದ್ಯರು ಕೊಟ್ಟು, ತಿಂಗಳುಗಟ್ಟಲೆ ಕಾದು ನೋಡಬೇಕು. ಮದ್ದು ಹಿಡಿಸಿದವರ ನರಕೋಶ ಒಂದು ತಟ್ಟೆಯಲ್ಲಿ, ಹಿಡಿಸದವರದ್ದು ಪಕ್ಕದ ತಟ್ಟೆಯಲ್ಲಿ. ಎರಡರ ನಡುವೆ ಕ್ಯಾಲ್ಸಿಯಂ ಮಿನುಗುವ ಬಗೆಯಲ್ಲಿ ವ್ಯತ್ಯಾಸ ಸಿಕ್ಕರೆ, ಆ ಕಾಯುವಿಕೆ ಮೊಟಕಾದೀತು.